ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಲ್ಲ

"ಮ್ಯಾಗಜೀನ್ ತೆಗೆದಿದ್ದೀನಿ, ಏನೂ ಆಗಲ್ಲ, ಹಿಡ್ಕೊಂಡು ನೋಡಿ" ಎಂದು ಪಿಸ್ತೂಲನ್ನು ಇನ್ನೊಬ್ಬರ ಕೈಗಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊಸಬರು ಹೇಳಿದರೆ ತಿದ್ದಬಹುದು. ಲೈಸೆನ್ಸ್ ಪಡೆದು ವರ್ಷಗಟ್ಟಲೆ ಸೊಂಟದಲ್ಲಿಟ್ಟುಕೊಂಡು ಓಡಾಡಿದವರೂ ಇದನ್ನೇ ಹೇಳುತ್ತಾರೆ.

ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟಾಗ ಮ್ಯಾಗಜೀನಿನ ಮೇಲ್ತುದಿಯ ಗುಂಡು ನಳಿಕೆಯ ಬುಡದಲ್ಲಿರುವ ಚೇಂಬರಿಗೆ ಹೋಗಿ ಕೂರುತ್ತದೆ. ಅಲ್ಲಿಂದ ಮುಂದೆ ಆ ಗುಂಡಿಗೂ ಮ್ಯಾಗಜೀನಿಗೂ ಸಂಬಂಧವಿಲ್ಲ. ಮ್ಯಾಗಜೀನನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರೂ ಚೇಂಬರಿನ ಗುಂಡು ಅಲ್ಲೇ ಇರುತ್ತದೆ. ಕೊಲ್ಲಲು ಆ ಒಂದು ಗುಂಡು ಸಾಕು.

ಮ್ಯಾಗಜೀನ್ ತೆಗೆದರೆ ಸಾಕೆಂಬ ನಂಬಿಕೆಗೆ ಒಂದು ಕಾರಣವೂ ಇದೆ. ನಮ್ಮ ಸೇನೆ ದಶಕಗಳ ಕಾಲ ಬಳಸಿದ ಈಶಾಪುರದ 9 ಎಂಎಂ ಪಿಸ್ತೂಲು ಬ್ರೌನಿಂಗ್ ಹೈಪವರ್ ಮಾದರಿಯದು. ಮ್ಯಾಗಜೀನ್ ಒಳಗಿಲ್ಲದಿದ್ದರೆ ಟ್ರಿಗರ್ ಕೆಲಸ ಮಾಡದಂತೆ ಅದರಲ್ಲಿ ಒಂದು ತಡೆಯಿದೆ. ಅದನ್ನು ಹಿಡಿದು ಕಲಿತವರ ಮಾತು ಬಾಯಿಂದ ಬಾಯಿಗೆ ಹಬ್ಬಿ ಎಲ್ಲ ಪಿಸ್ತೂಲುಗಳಿಗೂ ಅಂಟಿಕೊಂಡಿರಬೇಕು. ಆದರೆ ಅದರಲ್ಲೂ ಚೇಂಬರಿನ ಗುಂಡು ಹೊರಗೆ ಬಂದಿರುವುದಿಲ್ಲ. ಮ್ಯಾಗಜೀನ್ ತಿರುಗಿ ಹಾಕಿದೊಡನೆ ಹಾರಲು ಸಿದ್ಧ. ಗ್ಲಾಕ್ ಪಿಸ್ತೂಲಿನಲ್ಲಂತೂ ಇಂಥ ತಡೆಯೇ ಇಲ್ಲ. ಸಾಲದ್ದಕ್ಕೆ, ಗ್ಲಾಕನ್ನು ಒರೆಸಿ ಎಣ್ಣೆ ಹಾಕಲು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಖಾಲಿಯೆಂದು ನಂಬಿ ಒತ್ತಿದವರು ತಮ್ಮ ಅಂಗೈಯನ್ನೇ ತೂತು ಮಾಡಿಕೊಂಡಿದ್ದಾರೆ.

ಖಾಲಿ ಮಾಡುವುದಕ್ಕೂ ಒಂದು ಕ್ರಮವಿದೆ. ನಳಿಕೆ ಯಾರಿಗೂ ತಗಲದ ದಿಕ್ಕಿನಲ್ಲಿರಲಿ, ಬೆರಳು ಟ್ರಿಗರಿನಿಂದ ದೂರವಿರಲಿ. ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆದು ಚೇಂಬರಿನ ಗುಂಡನ್ನು ಹೊರಹಾಕಬೇಕು. ಇದನ್ನು ಹಿಂದುಮುಂದು ಮಾಡಿದರೆ ಒಂದು ಗುಂಡು ಹೊರಗೆ ಬಿದ್ದದ್ದನ್ನು ಕಣ್ಣಾರೆ ಕಾಣುತ್ತೀರಿ, ಆದರೆ ಮ್ಯಾಗಜೀನಿನಿಂದ ಇನ್ನೊಂದು ಮೇಲೆ ಬಂದು ಅದೇ ಜಾಗದಲ್ಲಿ ಕೂತಿರುತ್ತದೆ. ಬಿದ್ದ ಗುಂಡನ್ನು ನೋಡಿ ಸಮಾಧಾನಪಟ್ಟುಕೊಂಡವರೇ ಹೆಚ್ಚು ಅಪಾಯದಲ್ಲಿರುವವರು. ಕೊನೆಗೆ ಸ್ಲೈಡನ್ನು ಹಿಂದೆ ನಿಲ್ಲಿಸಿ ಚೇಂಬರನ್ನು ಕಣ್ಣಿಂದ ನೋಡಿ, ಕಿರುಬೆರಳಿಟ್ಟು ಮುಟ್ಟಿ ನೋಡಬೇಕು. ಪಿಸ್ತೂಲು ಕೈಯಿಂದ ಕೈಗೆ ಹೋದಾಗಲೆಲ್ಲ ಪಡೆದವರೂ ಮತ್ತೆ ನೋಡಬೇಕು. ಕೊಟ್ಟವರು ಅಣ್ಣನೇ ಆಗಿರಲಿ, ನಿವೃತ್ತ ಸುಬೇದಾರರೇ ಆಗಿರಲಿ, ಇದರಲ್ಲಿ ದಾಕ್ಷಿಣ್ಯ ಬೇಡ.

ರಿವಾಲ್ವರಿಗೆ ಮ್ಯಾಗಜೀನ್ ಇಲ್ಲ, ಹಾಗಾಗಿ ಅದು ಸುರಕ್ಷಿತ ಎನ್ನುವವರು 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬೈಯಲ್ಲಿ ನಟ ಗೋವಿಂದ ಅವರ ಕಾಲಿಗೆ ಅವರದೇ ರಿವಾಲ್ವರಿನ ಗುಂಡು ಹೊಕ್ಕಿದ್ದನ್ನು ನೆನೆಯಲಿ. ಕಪಾಟಿನಲ್ಲಿಡುವಾಗ ಕೈಜಾರಿ ಬಿತ್ತು ಎಂದು ಅವರ ಕಡೆಯವರು ಹೇಳಿದರು. ಹಳೆಯ ಮಾದರಿಯ ಎಷ್ಟೋ ರಿವಾಲ್ವರುಗಳಲ್ಲಿ ಹ್ಯಾಮರಿಗೆ ಬಿದ್ದ ಪೆಟ್ಟು ನೇರ ಗುಂಡಿಗೇ ತಾಗುತ್ತದೆ. ಹ್ಯಾಮರಿನ ಕೆಳಗಿನ ಕೋಣೆಯನ್ನು ಖಾಲಿ ಬಿಡುವ ಹಳಬರ ಪದ್ಧತಿ ಹುಟ್ಟಿದ್ದು ಇದಕ್ಕೇ.

ತಪ್ಪು ನಂಬಿಕೆಗಳು ಇನ್ನೂ ಇವೆ. ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿ ಹಿಡಿಕೆ ಕಾಣುವಂತೆ ತಿರುಗಲು ಲೈಸೆನ್ಸ್ ಅನುಮತಿ ಕೊಡುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಅದು ಹೋಲ್‌ಸ್ಟರಿನಲ್ಲಿ, ಪೂರ್ತಿ ಮುಚ್ಚಿರಬೇಕು. ಮದುವೆಯಲ್ಲಿ ಆಕಾಶಕ್ಕೆ ಹೊಡೆದ ಗುಂಡು ಆಕಾಶದಲ್ಲೇ ಉಳಿಯುವುದಿಲ್ಲ; ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅದಕ್ಕೆ ಎರಡು ವರ್ಷದವರೆಗೆ ಜೈಲೂ ಇದೆ. ಮನೆಗೆ ನುಗ್ಗಿದವನಿಗೆ ಹೊಡೆದರೆ ಕೇಳುವವರಿಲ್ಲ ಎಂಬುದೂ ಸುಳ್ಳು. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಿಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಗುಂಡು ತಗಲಿದವನು ಹತ್ತಡಿ ಹಿಂದಕ್ಕೆ ಹಾರಿ ಬೀಳುವುದು ಸಿನಿಮಾದಲ್ಲಿ ಮಾತ್ರ. ಅಷ್ಟು ಬಲವಿದ್ದರೆ ಹೊಡೆದವನೂ ಹಾರಿ ಬೀಳಬೇಕಿತ್ತು.

ಸಿನಿಮಾದಲ್ಲಿ ಕಂಡದ್ದು, ಮೊಬೈಲಿನ ರೀಲ್‌ನಲ್ಲಿ ಯಾರೋ ಹೇಳಿದ್ದು, ಪಕ್ಕದ ಮನೆಯ ಮಾವ ಹೇಳಿದ್ದು, ಎಲ್ಲವನ್ನೂ ನಂಬುತ್ತೇವೆ. ಪಿಸ್ತೂಲಿನ ಜೊತೆ ಬರುವ ಪುಸ್ತಿಕೆಯನ್ನು ಮಾತ್ರ ಬಿಡಿಸಿ ಓದುವುದಿಲ್ಲ. ಲೈಸೆನ್ಸಿಗೆ ಬೇಕಾದ ತರಬೇತಿಯನ್ನೂ ಒಂದು ಪ್ರಮಾಣಪತ್ರವೆಂದಷ್ಟೇ ಕಾಣುತ್ತೇವೆ. ಆಯುಧಪೂಜೆಯ ದಿನ ಅದೇ ಪಿಸ್ತೂಲನ್ನು ಮಣೆಯ ಮೇಲಿಟ್ಟು ಕುಂಕುಮ ಹಚ್ಚುತ್ತೇವೆ, ಮಕ್ಕಳು ಸುತ್ತ ಕೂರುತ್ತಾರೆ. ಆಗ "ಚೇಂಬರ್ ನೋಡಿದಿರಾ?" ಎಂದು ಕೇಳಿದವರ ಮೇಲೆ ಮನೆಯವರೆಲ್ಲ ಮುನಿಸಿಕೊಳ್ಳುತ್ತಾರೆ.