ಪ್ರಮಾಣಕ್ಕೂ ನಿರ್ಣಯಕ್ಕೂ ನಡುವೆ

ಕಾನೂನಿನ ವ್ಯಾಸಂಗವನ್ನು ಬಯಸುವ ಅಮೆರಿಕದ ಪದವೀಧರರು ಬರೆಯುವ, 1948ರಲ್ಲಿ ಮೊದಲಾದ ಎಲ್‌ಸ್ಯಾಟ್ ಎಂಬ ಪ್ರವೇಶಪರೀಕ್ಷೆಯಲ್ಲಿ ಕಾನೂನಿನ ಒಂದು ಕಲಮನ್ನಾದರೂ ಕೇಳುವುದಿಲ್ಲವೆಂದರೆ, ವಕೀಲಿಯನ್ನು ಕಲಮುಗಳ ಕಂಠಪಾಠವೆಂದು ಭಾವಿಸಿರುವವರಿಗೆ ಆಶ್ಚರ್ಯವಾದೀತು. ಅಂಕಗಳಿಗೆ ಗಣನೆಯಾಗುವ ಮೂರು ಭಾಗಗಳಲ್ಲಿ ಒಂದು ವಾಚನಗ್ರಹಣಕ್ಕೆ ಮೀಸಲು, ಉಳಿದೆರಡೂ ತರ್ಕಕ್ಕೆ. ರೇಖಾಚಿತ್ರ ಬರೆದುಕೊಂಡು ಬಿಡಿಸಬೇಕಾಗಿದ್ದ ಒಗಟಿನಂಥ ಭಾಗವೊಂದು ಹಿಂದೆ ಇದ್ದುದು, ಅಂಧ ಅಭ್ಯರ್ಥಿಗಳು ಹೂಡಿದ್ದ ವ್ಯಾಜ್ಯವು 2019ರಲ್ಲಿ ರಾಜಿಯಾದ ತರುವಾಯ, 2024ರ ಆಗಸ್ಟ್‌ನಿಂದ ಲುಪ್ತವಾಗಿ, ಅದರ ಸ್ಥಾನವನ್ನೂ ತರ್ಕವೇ ಆಕ್ರಮಿಸಿದೆ.

ಪ್ರಶ್ನೆಯ ಸ್ವರೂಪವೇನೋ ಸರಳ: ಕೆಲವೇ ವಾಕ್ಯಗಳ ಒಂದು ವಾದ, ಅದರ ಮೇಲೊಂದು ಪ್ರಶ್ನೆ, ಆಯ್ಕೆಗೆ ಐದು ಉತ್ತರಗಳು. ಇಂಥವು ಸುಮಾರು ಇಪ್ಪತ್ತೈದನ್ನು 35 ನಿಮಿಷಗಳಲ್ಲಿ ಮುಗಿಸಬೇಕು. ಪ್ರಶ್ನೆಯನ್ನು ಮೊದಲು ಓದಬೇಕೋ ವಾದವನ್ನೋ ಎಂಬ ವಿಷಯದಲ್ಲಿ ಬೋಧಕರಲ್ಲಿ ಐಕಮತ್ಯವಿಲ್ಲ. ನನಗೆ ತೋರುವಂತೆ ಅದು ಅಷ್ಟು ಹಿರಿದಾದ ಸಂಗತಿಯೂ ಅಲ್ಲ. ವಾದಿಯು ಸ್ಥಾಪಿಸಹೊರಟಿರುವ ನಿರ್ಣಯ ಯಾವುದು, ಅದಕ್ಕೆ ಅವನು ಕೊಟ್ಟ ಪ್ರಮಾಣ ಯಾವುದು ಎಂಬುದನ್ನು ಬೇರ್ಪಡಿಸಿಕೊಳ್ಳದೆ ಉತ್ತರಗಳತ್ತ ಕಣ್ಣು ಹಾಯಿಸುವವನು ಕೆಟ್ಟನೆಂದೇ ತಿಳಿಯಬೇಕು. ಏಕೆಂದರೆ ನಿರ್ಣಯವು ಕೊನೆಯ ವಾಕ್ಯದಲ್ಲಿಯೇ ಇರುತ್ತದೆಂಬ ನಿಯಮವಿಲ್ಲ, ಎಷ್ಟೋ ಸಲ ಅದು ಮೊದಲಲ್ಲಿಯೇ ಬಂದು ನಿಂತಿರುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಪಟ್ಟಣದಲ್ಲಿ ಗ್ರಂಥಾಲಯ ಸ್ಥಾಪನೆಯಾದ ಮರುವರ್ಷ ನ್ಯಾಯಾಲಯಕ್ಕೆ ಬಂದ ಮೊಕದ್ದಮೆಗಳು ಕಡಿಮೆಯಾದವು. ಆದುದರಿಂದ ಗ್ರಂಥಪಠನವು ಜನರ ಕಲಹಬುದ್ಧಿಯನ್ನು ಶಮನಗೊಳಿಸಿತು ಎಂದು ಒಬ್ಬನ ವಾದ. ಈ ವಾದವು ಬಾಯಿಬಿಟ್ಟು ಹೇಳದೆ ನೆಚ್ಚಿಕೊಂಡಿರುವ ಆಧಾರ ಯಾವುದೆಂಬುದು ಪ್ರಶ್ನೆ. ಸದ್ಗ್ರಂಥಗಳು ಮನಸ್ಸನ್ನು ವಿಶಾಲಗೊಳಿಸುತ್ತವೆಂಬ ಉತ್ತರವು ಸಜ್ಜನರೆಲ್ಲ ಒಪ್ಪುವಂಥದು. ಆದರೆ ಮೊಕದ್ದಮೆಗಳ ಇಳಿತಕ್ಕೆ ಅದೇ ಕಾರಣವೆಂದು ಅದು ತೋರಿಸದು. ಗ್ರಂಥಾಲಯವಿರುವ ಊರುಗಳಲ್ಲೆಲ್ಲ ಮೊಕದ್ದಮೆ ಕಡಿಮೆಯೆಂಬುದು ವಾದಕ್ಕೆ ಬೇಕಾದುದಕ್ಕಿಂತ ಅಧಿಕ. ಅದೇ ವರ್ಷ ನ್ಯಾಯಾಲಯದ ಶುಲ್ಕವು ಜನರನ್ನು ಹಿಮ್ಮೆಟ್ಟಿಸುವಷ್ಟು ಏರಿರಲಿಲ್ಲ ಎಂಬ ನೀರಸ ವಾಕ್ಯವೇ ಸರಿಯಾದ ಉತ್ತರ. ಇದನ್ನು ಪರೀಕ್ಷಿಸುವ ಉಪಾಯವೆಂದರೆ ವಾಕ್ಯವನ್ನು ನಿಷೇಧಿಸಿ ನೋಡುವುದು: ಶುಲ್ಕವು ಹಾಗೆ ಏರಿತ್ತೆಂದು ಇಟ್ಟುಕೊಂಡ ಕ್ಷಣವೇ ವಾದ ಕುಸಿಯುತ್ತದೆ. ಹಾಗೆ ನಿಷೇಧಿಸುವಾಗ, ವಾಕ್ಯದಲ್ಲಿ 'ಎಲ್ಲರೂ' ಎಂದಿದ್ದರೆ, ಅದಕ್ಕೆ ಪ್ರತಿಯಾಗಿ 'ಯಾರೂ ಇಲ್ಲ' ಎಂದು ಇಡುವುದು ತಪ್ಪು. 'ಎಲ್ಲರೂ ಅಲ್ಲ' ಎಂದಷ್ಟೇ ಇಡತಕ್ಕದ್ದು. ಬಹುಶ್ರುತರಾದ ಅಭ್ಯರ್ಥಿಗಳು ಇಲ್ಲಿ ಎಡವುವುದು ಹೆಚ್ಚೆಂದು ನನ್ನ ಊಹೆ; ಅವರು ವಾದಿಯ ಪಕ್ಷಕ್ಕೆ ತಮ್ಮ ಲೋಕಜ್ಞಾನವನ್ನು ಧಾರಾಳವಾಗಿ ಸಾಲ ಕೊಟ್ಟುಬಿಡುತ್ತಾರೆ.

ಇನ್ನೊಂದು ದೋಷ ನಮ್ಮ ನೈಯಾಯಿಕರಿಗೆ ಚಿರಪರಿಚಿತವಾದುದು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ಒಪ್ಪಿದವನು ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ತಿರುಗಿಸಿ ಹೇಳಬಾರದೆಂಬುದಕ್ಕೆ ಅವರು ಕಾಸಿದ ಕಬ್ಬಿಣದ ಗುಂಡನ್ನು ತೋರಿಸುತ್ತಿದ್ದರು. ಅಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಹುಟ್ಟಬೇಕಾದರೆ ಹಸಿಸೌದೆಯೂ ಕೂಡಬೇಕು. ತೇರ್ಗಡೆಯಾದವರೆಲ್ಲ ಶ್ರಮಪಟ್ಟವರೇ, ಇವನೂ ಶ್ರಮಪಟ್ಟವನು, ಆದುದರಿಂದ ತೇರ್ಗಡೆಯಾದಾನು ಎಂಬ ವಾದವನ್ನು ಎಲ್‌ಸ್ಯಾಟ್ ವೇಷ ಬದಲಿಸಿ ಬದಲಿಸಿ ಮುಂದಿಡುತ್ತದೆ.

ನಮ್ಮ ದೇಶದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ, ಬೆಂಗಳೂರಿನ ನಾಗರಭಾವಿಯದೂ ಅವುಗಳಲ್ಲೊಂದು, ಪಿಯುಸಿ ಮುಗಿಸಿ ಸೇರಬಯಸುವವರು ಬರೆಯುವ ಕ್ಲ್ಯಾಟ್ ಪರೀಕ್ಷೆಯಲ್ಲಿಯೂ ತರ್ಕದ ಭಾಗವುಂಟು. ಆದರೆ ಅಲ್ಲಿ ದೀರ್ಘವಾದ ಒಂದು ಗದ್ಯಭಾಗಕ್ಕೆ ಹಲವು ಪ್ರಶ್ನೆಗಳು. ಎರಡು ಗಂಟೆಗಳಲ್ಲಿ ಒಟ್ಟು 120 ಪ್ರಶ್ನೆಗಳು. ತಪ್ಪಿಗೆ ತಲಾ ಕಾಲು ಅಂಕ ಕಡಿತ. ಎಲ್‌ಸ್ಯಾಟ್‌ನಲ್ಲಿ ಈ ಕಡಿತವಿಲ್ಲವಾಗಿ, ಸಮಯ ಮೀರುವ ಮುನ್ನ ಉಳಿದುದಕ್ಕೆಲ್ಲ ಏನಾದರೊಂದನ್ನು ಗುರುತಿಸಿಬಿಡುವುದೇ ವಿವೇಕ. ಕ್ಲ್ಯಾಟ್‌ನಲ್ಲಿಯಾದರೋ ಐದರ ಬದಲು ನಾಲ್ಕರಲ್ಲಿ ಒಂದನ್ನು ಆರಿಸಬೇಕಾಗಿದ್ದು, ಕುರುಡು ಊಹೆಯಿಂದಲೂ ಸರಾಸರಿಯಲ್ಲಿ ಅಲ್ಪ ಲಾಭವುಂಟು; ಒಂದೆರಡು ಉತ್ತರಗಳನ್ನು ನಿಶ್ಚಯವಾಗಿ ತಳ್ಳಿಹಾಕಬಲ್ಲವನಿಗೆ ಆ ಸಾಹಸ ಇನ್ನೂ ಲಾಭಕರ.