ಹಸುವಿನ ಬೆಲ್ಟ್ ಆ್ಯಪ್: ನಂಬರ್ ಯಾರದು, ಕೆಲಸ ಯಾರದು?

ಮಹಿಳಾ ಹೈನುಗಾರರೇ,

ಹಸುವಿನ ಕೊರಳಿಗೆ ಕಟ್ಟುವ ಸೆನ್ಸರ್ ಬೆಲ್ಟ್‌ಗಳು ಈಗ ಸಣ್ಣ ಕೊಟ್ಟಿಗೆಗಳಿಗೂ ಬರತೊಡಗಿವೆ. ಹಸು ಎಷ್ಟು ಓಡಾಡಿತು, ಎಷ್ಟು ಹೊತ್ತು ಮೆಲುಕು ಹಾಕಿತು ಎಂಬುದನ್ನು ಬೆಲ್ಟ್ ಅಳೆದು ಫೋನಿನ ಆ್ಯಪ್‌ಗೆ ಕಳುಹಿಸುತ್ತದೆ. ಆರೋಗ್ಯವಂತ ಹಸು ದಿನಕ್ಕೆ ಸುಮಾರು 7ರಿಂದ 8 ಗಂಟೆ ಮೆಲುಕು ಹಾಕುತ್ತದೆ. ಇದು ಒಮ್ಮೆಲೇ ಕಡಿಮೆಯಾದರೆ ಕಾಯಿಲೆ ಇರಬಹುದು. ಜೊತೆಗೆ ಓಡಾಟವೂ ಹೆಚ್ಚಿದ್ದರೆ ಬೆದೆ ಇರಬಹುದು. ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, ಒಂದು ದಿನಕ್ಕಿಂತ ಕಡಿಮೆ ಹೊತ್ತು ಇರುತ್ತದೆ. ತಪ್ಪಿದರೆ ಮತ್ತೆ ಮೂರು ವಾರ ಮೇವು ಹಾಕುತ್ತಾ ಕಾಯಬೇಕು.

ಆ್ಯಪ್ ಇಡುವ ಇನ್ನೊಂದು ಲೆಕ್ಕ

ಹಸುವಿನ ಜೊತೆಗೆ ಬಳಸುವವರ ಲೆಕ್ಕವನ್ನೂ ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಇಡುತ್ತವೆ. ಯಾವ ಪುಟ ತೆರೆದಿರಿ, ಎಚ್ಚರಿಕೆ ಬಂದು ಎಷ್ಟು ಹೊತ್ತಿಗೆ ನೋಡಿದಿರಿ, ಯಾವ ಭಾಷೆ ಆರಿಸಿದಿರಿ, ಬೆಲ್ಟ್ ಎಷ್ಟು ಸಲ ಸಂಪರ್ಕ ಕಳೆದುಕೊಂಡಿತು ಎಂಬುದೆಲ್ಲ ದಾಖಲಾಗುತ್ತದೆ. ಇದಕ್ಕೆ ಬಳಕೆ ವಿಶ್ಲೇಷಣೆ ಎನ್ನುತ್ತಾರೆ. ಆ್ಯಪ್‌ನಲ್ಲಿ ಏನನ್ನು ಸುಧಾರಿಸಬೇಕು, ಏನನ್ನು ಕೈಬಿಡಬೇಕು ಎಂದು ಕಂಪನಿ ತೀರ್ಮಾನಿಸಲು ಇದು ನೆರವಾಗುತ್ತದೆ.

ಆದರೆ ಈ ಲೆಕ್ಕಕ್ಕೆ ಕಾರಣ ಗೊತ್ತಾಗುವುದಿಲ್ಲ. ನೀವು ಒಂದು ದಿನ ಹಾಲು ಹಾಕದಿದ್ದರೆ ಸಂಘದ ಪುಸ್ತಕದಲ್ಲಿ ಜಾಗ ಖಾಲಿ ಇರುತ್ತದೆ. ಹಸು ಬತ್ತಿತೋ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೋ ಪುಸ್ತಕ ಹೇಳುವುದಿಲ್ಲ. ಆ್ಯಪ್‌ನದೂ ಅದೇ ಕಥೆ.

ಫೋನ್ ಮನೆಯವರ ಜೇಬಿನಲ್ಲಿದ್ದರೆ? ಬೆಳಗಿನ ಐದು ಗಂಟೆಗೆ ಬೆದೆಯ ಎಚ್ಚರಿಕೆ ಬರುತ್ತದೆ. ಕೆಲಸಕ್ಕೆ ಹೊರಟವರು ಅದನ್ನು ರಾತ್ರಿ ನೋಡುತ್ತಾರೆ. ಅಷ್ಟರಲ್ಲಿ ಬೆದೆ ಮುಗಿಯುತ್ತಾ ಬಂದಿರುತ್ತದೆ. ರೈತರು ರಾತ್ರಿ ಆ್ಯಪ್ ನೋಡುತ್ತಾರೆ ಎಂದು ಕಂಪನಿಯ ಲೆಕ್ಕ ಹೇಳುತ್ತದೆ. ಹುಲ್ಲು ಕೊಯ್ದು, ಸಗಣಿ ಬಾಚಿ, ಹಾಲು ಕರೆದ ನೀವು ಆ ಲೆಕ್ಕದಲ್ಲೇ ಇರುವುದಿಲ್ಲ.

ನೀವು ಮಾಡಬೇಕಾದ್ದು

1. ಎಚ್ಚರಿಕೆ ನಿಮ್ಮ ನಂಬರಿಗೇ ಬರುವಂತೆ ನೋಂದಾಯಿಸಿ. ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಎರಡನೇ ನಂಬರಿಗೆ ಎಸ್‌ಎಂಎಸ್ ಅಥವಾ ಕರೆ ಬರುತ್ತದೆಯೇ ಎಂದು ಬೆಲ್ಟ್ ಕೊಳ್ಳುವ ಮೊದಲೇ ಕೇಳಿ.

2. ಭಾಷೆ ಕನ್ನಡವಿದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಬೇಕೆಂದು ಸಹಾಯವಾಣಿಗೆ ಹೇಳಿ.

3. ಎಚ್ಚರಿಕೆ ಸರಿಯೋ ತಪ್ಪೋ ಎಂದು ದಾಖಲಿಸುವ ಗುಂಡಿ ಇದ್ದರೆ ಒತ್ತಿ. ಸುಮ್ಮನೆ ಬಿಟ್ಟರೆ ನೀವು ನೋಡಲಿಲ್ಲವೋ, ನೋಡಿ ತಪ್ಪೆಂದು ಬಿಟ್ಟಿರೋ ಆ್ಯಪ್‌ಗೆ ತಿಳಿಯದು.

4. ಬೆಲ್ಟ್ ಜೋಡಿಸಲು ಬ್ಲೂಟೂತ್ ಅನುಮತಿ ಬೇಕಾಗಬಹುದು. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಅದಕ್ಕಾಗಿ ಸ್ಥಳದ ಅನುಮತಿಯನ್ನೂ ಕೇಳುತ್ತದೆ. ಫೋನಿನಲ್ಲಿರುವ ಹೆಸರು-ನಂಬರುಗಳ ಪಟ್ಟಿ ಕೇಳಿದರೆ ಏಕೆಂದು ವಿಚಾರಿಸಿ. ಉತ್ತರ ಸರಿಯೆನಿಸದಿದ್ದರೆ ಬೇಡ ಎನ್ನಿ. ಬ್ಯಾಂಕಿನ ಒಟಿಪಿ ಯಾರಿಗೂ ಕೊಡಬೇಡಿ.

5. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹೇಳಲಾಗಿದೆ. ಬೆಲ್ಟ್ ಬಿಡುವಾಗ ನಿಮ್ಮ ಮಾಹಿತಿ ಅಳಿಸುವಂತೆ ಕೇಳಿ.

ಬೆಲ್ಟ್ ಇದ್ದರೂ ನಿಮ್ಮ ಕಣ್ಣು ಬೇಕೇ ಬೇಕು. ಹಸು ಕೂಗುವುದು, ಪಾರದರ್ಶಕ ಲೋಳೆ, ಬೇರೆ ರಾಸು ಮೇಲೆ ಹತ್ತಿದಾಗ ಅಲುಗದೆ ನಿಲ್ಲುವುದು ಬೆದೆಯ ಲಕ್ಷಣಗಳು. ಬೆಳಿಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ.