ಹದಿಹರೆಯದ ಓದುಗರು ಮತ್ತು ಬೇಸಿಗೆ ರಜೆಯ ಕಾದಂಬರಿ ಓದು

ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಆರಂಭವಾದ ಕೂಡಲೇ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದು ವಿಶಿಷ್ಟ ಬಗೆಯ ಓದುಗರು ಕಾಣಿಸಿಕೊಳ್ಳುತ್ತಾರೆ. ಇವರ ವಯಸ್ಸು 13ರಿಂದ 17 ವರ್ಷ. ಮಕ್ಕಳ ವಿಭಾಗದ ಚಿತ್ರಪುಸ್ತಕಗಳನ್ನು ಇವರು ಓದಿ ಮುಗಿಸಿರುತ್ತಾರೆ. ವಯಸ್ಕರ ವಿಭಾಗದ ಕಪಾಟುಗಳ ಮುಂದೆ ನಿಂತಾಗ ಎಲ್ಲಿಂದ ಆರಂಭಿಸಬೇಕೆಂಬುದು ತಿಳಿದಿರುವುದಿಲ್ಲ. ಅರ್ಧ ಗಂಟೆ ಅತ್ತಿತ್ತ ಓಡಾಡಿ, ದಿನಪತ್ರಿಕೆಯ ಕ್ರೀಡಾಪುಟವನ್ನು ನೋಡಿ ಹಿಂದಿರುಗುವ ಇಂತಹ ಓದುಗ ಮರುದಿನ ಬರುವನೆಂಬ ಖಾತರಿಯಿಲ್ಲ. ಅದೇ ದಿನ ಅವನ ಕೈಗೆ ತಕ್ಕ ಕಾದಂಬರಿಯೊಂದು ಸಿಕ್ಕಿದಲ್ಲಿ, ಎರಡು ದಿನಗಳಲ್ಲಿ ಅದನ್ನು ಮುಗಿಸಿ, ಇದೇ ಲೇಖಕರ ಮತ್ತೊಂದು ಪುಸ್ತಕವಿದೆಯೇ ಎಂದು ಕೇಳುತ್ತಾ ಬರುತ್ತಾನೆ. ಇವೆರಡರಲ್ಲಿ ಯಾವುದು ನಡೆಯುತ್ತದೆ ಎಂಬುದು ಬಹುಮಟ್ಟಿಗೆ ಹಿರಿಯರನ್ನು ಅವಲಂಬಿಸಿದೆ. ಪಾಲಕರು, ಶಿಕ್ಷಕರು ಹಾಗೂ ಗ್ರಂಥಾಲಯ ಸಿಬ್ಬಂದಿಯ ಮಾಹಿತಿಗಾಗಿ, ಈ ವಯೋಮಾನದವರಿಗೆ ಒಪ್ಪುವ ಕಾದಂಬರಿಗಳು, ರಜೆಯ ಓದಿನ ಮಹತ್ವ ಹಾಗೂ ಲಭ್ಯವಿರುವ ಸೌಲಭ್ಯಗಳನ್ನು ಇಲ್ಲಿ ವಿವರಿಸಲಾಗಿದೆ.

ಈ ವಯಸ್ಸಿನ ಓದು ಏಕೆ ಬೇರೆ?

ಹದಿಹರೆಯದವರ ಸಾಹಿತ್ಯವನ್ನು ಪ್ರತ್ಯೇಕ ವಿಭಾಗವಾಗಿ ಗುರುತಿಸುವ ಪದ್ಧತಿ ಅಮೆರಿಕದ ಗ್ರಂಥಾಲಯಗಳಲ್ಲಿ ಬೆಳೆದು ಬಂದಿತು. ಅಲ್ಲಿನ ಗ್ರಂಥಾಲಯ ಸಂಘವು 1957ರಲ್ಲಿ ಈ ವಯಸ್ಸಿನವರ ಸೇವೆಗೆಂದೇ ಒಂದು ವಿಭಾಗವನ್ನು ರಚಿಸಿತು. 1967ರಲ್ಲಿ ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ ಕಾದಂಬರಿ ಪ್ರಕಟವಾದಾಗ ಲೇಖಕಿಗೆ ಕೇವಲ 18 ವರ್ಷ. ಹದಿಹರೆಯದವರ ಬದುಕನ್ನು ಹದಿಹರೆಯದವರೇ ಬರೆದ ಆ ಪುಸ್ತಕದ ನಂತರ ಪ್ರಕಾಶಕರು ಈ ಓದುಗರನ್ನು ಗಂಭೀರವಾಗಿ ಪರಿಗಣಿಸಲಾರಂಭಿಸಿದರು. ಮುಂದೆ 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬಂದ ‘ಹ್ಯಾರಿ ಪಾಟರ್’ ಕಾದಂಬರಿಗಳು ಮತ್ತೊಂದು ಸಂಗತಿಯನ್ನು ತೋರಿಸಿಕೊಟ್ಟವು. ಆ ಮಾಲೆಯ ಐದನೆಯ ಸಂಪುಟದಲ್ಲಿ 700ಕ್ಕೂ ಹೆಚ್ಚು ಪುಟಗಳಿವೆ. ಮಕ್ಕಳು ದಪ್ಪ ಪುಸ್ತಕಗಳನ್ನು ಓದುವುದಿಲ್ಲ ಎಂಬ ಹಿರಿಯರ ದೂರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಕನ್ನಡದಲ್ಲಿ ಇಂತಹ ಪ್ರತ್ಯೇಕ ಕಪಾಟು ಬಹುಕಾಲ ಇರಲಿಲ್ಲ. ಈಗ ನಿಂತುಹೋಗಿರುವ ‘ಚಂದಮಾಮ’ವನ್ನು ಓದುತ್ತಿದ್ದ ಮಕ್ಕಳು ಅಲ್ಲಿಂದ ನೇರವಾಗಿ ಪತ್ತೇದಾರಿ ಕಾದಂಬರಿಗಳಿಗೋ, ಮನೆಯ ಹಿರಿಯರು ಬಾಡಿಗೆ ಪುಸ್ತಕದ ಅಂಗಡಿಯಿಂದ ತರುತ್ತಿದ್ದ ಸಾಮಾಜಿಕ ಕಾದಂಬರಿಗಳಿಗೋ ಜಿಗಿಯುತ್ತಿದ್ದರು. ತ್ರಿವೇಣಿ, ಎಂ. ಕೆ. ಇಂದಿರಾ ಅವರ ಕಾದಂಬರಿಗಳನ್ನು ಮೊದಲ ಬಾರಿ ಓದಿದ್ದು ಹೈಸ್ಕೂಲಿನಲ್ಲಿ ಎಂದು ಹೇಳುವ ಮಹಿಳೆಯರು ಇಂದಿಗೂ ಅನೇಕರಿದ್ದಾರೆ. ಅವುಗಳನ್ನು ಈ ವಯಸ್ಸಿನವರಿಗೆಂದು ಯಾರೂ ಬರೆದಿರಲಿಲ್ಲ. ಓದುಗರೇ ಹುಡುಕಿಕೊಂಡಿದ್ದರು ಎನ್ನುವುದನ್ನು ಗಮನಿಸಬೇಕು.

ರಜೆಯ ಲೆಕ್ಕ

ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಅಂತ್ಯದವರೆಗೆ, ಅಂದರೆ ಸುಮಾರು 48 ದಿನಗಳು ಇರುತ್ತದೆ. ದಿನಕ್ಕೆ 20 ಪುಟಗಳಂತೆ ಓದಿದರೂ 960 ಪುಟಗಳಾಗುತ್ತವೆ. ಒಂದು ಮಧ್ಯಮ ಗಾತ್ರದ ಕಾದಂಬರಿಗೆ 160 ಪುಟಗಳೆಂದು ಹಿಡಿದರೆ ಆರು ಕಾದಂಬರಿಗಳು. 20 ಪುಟಗಳನ್ನು ಓದಲು ಬೇಕಾಗುವುದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮಾತ್ರ. ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದ ವಿದ್ಯಾರ್ಥಿಗಳಿಗಂತೂ ಇದಕ್ಕಿಂತ ದೀರ್ಘ ಅವಧಿ ದೊರೆಯುತ್ತದೆ. ಪಠ್ಯವಿಲ್ಲದ, ಮನೆಪಾಠವಿಲ್ಲದ ಇಷ್ಟು ದಿನಗಳು ಮುಂದಿನ ವಿದ್ಯಾರ್ಥಿ ಜೀವನದಲ್ಲಿ ಸುಲಭವಾಗಿ ಸಿಗುವುದಿಲ್ಲ. ಫಲಿತಾಂಶಕ್ಕೆ ಕಾಯುವ ಆತಂಕವನ್ನು ಮರೆಯಲು ಸಹ ಕಾದಂಬರಿ ಒಳ್ಳೆಯ ಸಾಧನ.

ರಜೆಯ ಓದಿನ ಪರಿಣಾಮವನ್ನು ಕುರಿತು ಅಧ್ಯಯನಗಳೂ ನಡೆದಿವೆ. ಅಮೆರಿಕದ ಅಟ್ಲಾಂಟಾ ನಗರದ ಶಾಲಾಮಕ್ಕಳನ್ನು ಕುರಿತು ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೇನ್ಸ್ ನಡೆಸಿದ ಅಧ್ಯಯನವು 1978ರಲ್ಲಿ ಪ್ರಕಟವಾಯಿತು. ಬೇಸಿಗೆಯಲ್ಲಿ ಓದಿದ ಪುಸ್ತಕಗಳ ಸಂಖ್ಯೆಗೂ ಮಕ್ಕಳ ಕಲಿಕೆಗೂ ಸಂಬಂಧವಿರುವುದನ್ನು ಹಾಗೂ ಈ ಓದಿಗೆ ಸಾರ್ವಜನಿಕ ಗ್ರಂಥಾಲಯದ ನೆರವು ಮಹತ್ವದ್ದೆಂಬುದನ್ನು ಅವರು ಕಂಡುಕೊಂಡರು. ಮನೆಯಲ್ಲಿ ಪುಸ್ತಕಗಳಿರುವ ಮಗುವಿಗೆ ರಜೆಯಲ್ಲಿಯೂ ಕಲಿಕೆ ಮುಂದುವರಿಯುತ್ತದೆ. ಪುಸ್ತಕಗಳಿಲ್ಲದ ಮನೆಯ ಮಗುವಿಗೆ ಊರಿನ ಗ್ರಂಥಾಲಯವೇ ಆಸರೆ.

ಯಾವ ಕಾದಂಬರಿಗಳು?

ಕೆಳಗೆ ಹೇಳಿರುವ ಕೃತಿಗಳು ಆರಂಭಕ್ಕೆ ಸಹಾಯವಾಗಲೆಂದು ಸೂಚಿಸಿದವು ಮಾತ್ರ. ಇದು ಇಲಾಖೆಯ ಅಧಿಕೃತ ಆಯ್ಕೆಪಟ್ಟಿಯಲ್ಲ.

ಮೊದಲನೆಯದಾಗಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಅವರ ‘ಕರ್ವಾಲೊ’ (1980). ಮೂಡಿಗೆರೆ ಸುತ್ತಲಿನ ಮಲೆನಾಡಿನಲ್ಲಿ ನಡೆಯುವ ಈ ಕಾದಂಬರಿ ಜೇನುತುಪ್ಪದ ಖರೀದಿಯಂತಹ ಸಾಮಾನ್ಯ ಸಂಗತಿಯಿಂದ ಆರಂಭವಾಗಿ, ಹಾರುವ ಓತಿಯ ಶೋಧನೆಗೆ ಹೊರಡುತ್ತದೆ. ಓದುಬರಹದಲ್ಲಿ ಹಿಂದುಳಿದಿದ್ದರೂ ಕಾಡನ್ನು ಅಂಗೈಯಷ್ಟು ಸಲೀಸಾಗಿ ಬಲ್ಲ ಮಂದಣ್ಣನನ್ನು ವಿಜ್ಞಾನಿ ಕರ್ವಾಲೊ ಗೌರವದಿಂದ ಕಾಣುವ ರೀತಿಯೇ ಈ ವಯಸ್ಸಿನವರ ಮನಸ್ಸನ್ನು ಹಿಡಿಯುತ್ತದೆ. ಪರೀಕ್ಷೆಯ ಅಂಕಗಳಿಂದಲೇ ಬುದ್ಧಿಯನ್ನು ಅಳೆಯುವ ವಾತಾವರಣದಲ್ಲಿ ಬೆಳೆಯುತ್ತಿರುವ ವಿದ್ಯಾರ್ಥಿಗೆ ಮಂದಣ್ಣನ ಪರಿಚಯವಾಗುವುದು ಸಣ್ಣ ವಿಷಯವಲ್ಲ. ಹಾರುವ ಓತಿ ಕಾಲ್ಪನಿಕ ಜೀವಿಯೂ ಅಲ್ಲ. ಪಕ್ಕೆಲುಬುಗಳ ಆಧಾರದ ಮೇಲೆ ಬಿಚ್ಚಿಕೊಳ್ಳುವ ಚರ್ಮದ ಪೊರೆಯ ನೆರವಿನಿಂದ ಮರದಿಂದ ಮರಕ್ಕೆ ತೇಲುವ ಈ ಜೀವಿ ಪಶ್ಚಿಮ ಘಟ್ಟಗಳಲ್ಲಿದೆ. ಪುಸ್ತಕವನ್ನು ಓದಿದ ಮಗು ಜೀವಶಾಸ್ತ್ರದ ಪುಸ್ತಕವನ್ನೂ ತೆರೆದರೆ ಆಶ್ಚರ್ಯವಿಲ್ಲ. ಕಥೆಯ ಮುಕ್ತಾಯವನ್ನು ಇಲ್ಲಿ ಹೇಳುವುದು ಓದುಗರಿಗೆ ಅನ್ಯಾಯವಾಗುತ್ತದೆಯಾದ್ದರಿಂದ ಕೈಬಿಡಲಾಗಿದೆ.

‘ಕರ್ವಾಲೊ’ ಮೆಚ್ಚಿದವರಿಗೆ ಮುಂದಿನ ದಾರಿ ಸುಲಭ. ಏಲಕ್ಕಿ ಮಾರಲು ಹೊರಟ ಯುವ ದಂಪತಿಗಳ ಒಂದು ದಿನದ ಪ್ರಯಾಣವನ್ನು ರಹಸ್ಯಗಳಿಂದ ತುಂಬಿರುವ ‘ಜುಗಾರಿ ಕ್ರಾಸ್’ (1994) ಪುಸ್ತಕವನ್ನು ಕೆಳಗಿಡಲು ಬಿಡುವುದಿಲ್ಲ. ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನು ತೇಜಸ್ವಿ ಅವರು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಮಾಲೆಯಲ್ಲಿ ಜಾಲಹಳ್ಳಿ, ಮಾಗಡಿ ಮುಂತಾದ ಊರುಗಳ ಹೆಸರುಗಳು ಬರುತ್ತವೆ. ಇಂದು ಮೆಟ್ರೋ ರೈಲು ನಿಲ್ಲುವ ಜಾಲಹಳ್ಳಿಯ ಆಸುಪಾಸಿನಲ್ಲಿ ಒಂದು ಕಾಲಕ್ಕೆ ಚಿರತೆಯನ್ನು ಅರಸಿ ಬಂದೂಕುಧಾರಿಗಳು ತಿರುಗುತ್ತಿದ್ದರು ಎಂದು ತಿಳಿದಾಗ ಬೆಂಗಳೂರಿನ ಬಾಲಕನಿಗೆ ಆಗುವ ರೋಮಾಂಚನವೇ ಬೇರೆ. ಇವು ಕಾದಂಬರಿಗಳಲ್ಲವಾದರೂ ಓದಿನ ಓಟದಲ್ಲಿ ಕಾದಂಬರಿಗಳಿಗೆ ಕಡಿಮೆಯಿಲ್ಲ. ಇದೇ ಮಾತು ಬಿ. ಜಿ. ಎಲ್. ಸ್ವಾಮಿ ಅವರ ‘ಹಸಿರು ಹೊನ್ನು’ ಕೃತಿಗೂ ಸಲ್ಲುತ್ತದೆ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಪ್ರವಾಸಗಳನ್ನು ನಗೆಯೊಡನೆ ಹೇಳುವ ಈ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಇಂಗ್ಲಿಷಿನಲ್ಲಿ ಮೊದಲ ಕಾದಂಬರಿ ಓದಬಯಸುವವರಿಗೆ ಹೇಳಿ ಮಾಡಿಸಿದ ಪುಸ್ತಕ. ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನ ಧಾರಾವಾಹಿಯಿಂದ ಸ್ವಾಮಿ ಪಾಲಕರಿಗೂ ಪರಿಚಿತ. ಅದರಲ್ಲಿ ರಜೆಯ ದಿನ ತಂದೆಯು ಸ್ವಾಮಿಯನ್ನು ಕೂರಿಸಿ ಮಾವಿನಹಣ್ಣಿನ ಲೆಕ್ಕ ಕೊಡುವ ಪ್ರಸಂಗವಿದೆ: ಹತ್ತು ಹಣ್ಣಿಗೆ ಹದಿನೈದಾಣೆಯಾದರೆ ನಾಲ್ಕು ಹಣ್ಣಿಗೆಷ್ಟು ಎಂಬುದು ಪ್ರಶ್ನೆ. ಉತ್ತರ ಆರಾಣೆ. ಆದರೆ ಸ್ವಾಮಿಗೆ ಮೊದಲು ತಿಳಿಯಬೇಕಾದುದು ಹಣ್ಣು ಮಾಗಿದೆಯೇ ಇಲ್ಲವೇ ಎಂಬುದು. ವಾಣಿಜ್ಯಶಾಸ್ತ್ರವನ್ನು ಅಭ್ಯಾಸ ಮಾಡಿದವರು ಇದನ್ನು ಅಸಂಬದ್ಧ ಪ್ರಶ್ನೆ ಎಂದು ತಳ್ಳಿಹಾಕಲಾರರು. ಬೆಲೆ ನಿರ್ಧಾರವಾಗುವುದು ಬಹಳಷ್ಟು ಅದರಿಂದಲೇ.

ಮಕ್ಕಳು ಮತ್ತು ಕಿಶೋರರನ್ನೇ ಉದ್ದೇಶಿಸಿ ಬರೆದ ಕನ್ನಡ ಕಾದಂಬರಿಗಳ ಸಂಖ್ಯೆಯೂ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಲ್ಲಿ ಆರಂಭಿಸಿದ ಬಾಲ ಸಾಹಿತ್ಯ ಪುರಸ್ಕಾರವು 2011ರಲ್ಲಿ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ ಸಂದಿತು. ಸಾಗರದವರಾದ ಡಿಸೋಜ (1937-2025) ಲೋಕೋಪಯೋಗಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದವರು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳು ಮುಳುಗಿದ್ದನ್ನು ಹತ್ತಿರದಿಂದ ಕಂಡವರು. ನಾವು ಗುಂಡಿ ಒತ್ತಿದರೆ ಹತ್ತುವ ದೀಪದ ಹಿಂದೆ ಯಾರ ಮನೆ, ಯಾರ ಗದ್ದೆ ಹೋಯಿತು ಎಂಬ ಪ್ರಶ್ನೆಯನ್ನು ಎಳೆಯರ ಮುಂದೆ ಇಡಲು ಅವರು ಹಿಂಜರಿಯಲಿಲ್ಲ. ಅನಂತರದ ವರ್ಷಗಳಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ (2023) ಸತತವಾಗಿ ಇದೇ ಪುರಸ್ಕಾರ ಪಡೆದವು. ಮೂರೂ ಕಾದಂಬರಿಗಳೇ ಎಂಬುದು ಗಮನಾರ್ಹ.

ಸ್ವಲ್ಪ ದೊಡ್ಡವರಿಗೆ, ಅಂದರೆ 16 ವರ್ಷ ದಾಟಿದವರಿಗೆ, ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಹಾಗೂ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಸೂಚಿಸಬಹುದು. ‘ಫಣಿಯಮ್ಮ’ ಬಾಲ್ಯದಲ್ಲಿಯೇ ವಿಧವೆಯಾದ ಹೆಣ್ಣುಮಗಳ ಬದುಕಿನ ಕಥೆ. ತಮ್ಮ ವಯಸ್ಸಿನ, ತಮಗಿಂತಲೂ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳ ಪಾಲಿಗೆ ಬದುಕು ಹೇಗಿತ್ತು ಎಂಬುದನ್ನು ಇಂದಿನ ವಿದ್ಯಾರ್ಥಿನಿಯರು ಇತಿಹಾಸದ ಪಾಠಕ್ಕಿಂತ ಹೆಚ್ಚು ಸ್ಪಷ್ಟವಾಗಿ ಇದರಿಂದ ತಿಳಿಯುತ್ತಾರೆ.

ಪಾಲಕರ ಗಮನಕ್ಕೆ

ಕಾದಂಬರಿ ಓದಿದರೆ ಮಕ್ಕಳು ಪಾಠ ಮರೆಯುತ್ತಾರೆ, ದಾರಿ ತಪ್ಪುತ್ತಾರೆ ಎಂಬ ಅಭಿಪ್ರಾಯ ಇನ್ನೂ ಅನೇಕ ಮನೆಗಳಲ್ಲಿದೆ. ರಜೆಯಲ್ಲಿ ಮುಂದಿನ ತರಗತಿಯ ಪಠ್ಯವನ್ನೇ ಓದಿಸಬೇಕೆಂದು ಕೆಲವರು ಒತ್ತಾಯಿಸುತ್ತಾರೆ. ಇಂತಹ ಒತ್ತಾಯದ ಹಿಂದಿರುವ ಕಾಳಜಿ ಅರ್ಥವಾಗುವಂತಹದು. ಆದರೂ ಹದಿಹರೆಯದಲ್ಲಿ ಒಮ್ಮೆ ತಪ್ಪಿದ ಓದಿನ ರುಚಿಯನ್ನು ಮುಂದೆ ಹತ್ತಿಸುವುದು ಕಷ್ಟಸಾಧ್ಯ. ಪದವಿ ಪಡೆದ ನಂತರ ಸ್ಪರ್ಧಾತ್ಮಕ ಪರೀಕ್ಷೆಗೆಂದು ಗ್ರಂಥಾಲಯಕ್ಕೆ ಬರುವ ಯುವಕರಲ್ಲಿ, ಎರಡು ಪುಟಗಳ ಗದ್ಯಭಾಗವನ್ನು ಒಂದೇ ಉಸಿರಿಗೆ ಓದಿ ಗ್ರಹಿಸಲು ಕಷ್ಟಪಡುವವರು ಇದ್ದಾರೆ. ಅದನ್ನು ಯಾವ ಮಾರ್ಗದರ್ಶಿ ಪುಸ್ತಕವೂ ಕಲಿಸಿಕೊಡುವುದಿಲ್ಲ.

ವಯಸ್ಸಿಗೆ ಮೀರಿದ ವಿಷಯಗಳ ಬಗ್ಗೆಯೂ ಆತಂಕ ಸಹಜ. ಇದಕ್ಕೆ ಒಳ್ಳೆಯ ಉಪಾಯವೆಂದರೆ ಪಾಲಕರೂ ಆ ಪುಸ್ತಕವನ್ನು ಓದುವುದು. ನಿಷೇಧಿಸಿದ ಪುಸ್ತಕ ಹಾಸಿಗೆಯ ಕೆಳಗೆ ಸೇರುತ್ತದೆಯೇ ಹೊರತು ಗ್ರಂಥಾಲಯಕ್ಕೆ ಹಿಂದಿರುಗುವುದಿಲ್ಲ.

ಕೆಲವು ಶಾಲೆಗಳು ರಜೆಯಲ್ಲಿ ಓದಿದ ಪ್ರತಿ ಪುಸ್ತಕಕ್ಕೂ ಸಾರಾಂಶ ಬರೆದು ತರಲು ಸೂಚಿಸುತ್ತವೆ. ಉದ್ದೇಶ ಒಳ್ಳೆಯದಾದರೂ ಪರಿಣಾಮದಲ್ಲಿ ಅದೂ ಒಂದು ಮನೆಪಾಠವಾಗುತ್ತದೆ. ಮಕ್ಕಳು ತೆಳ್ಳಗಿನ ಪುಸ್ತಕಗಳನ್ನೇ ಆರಿಸಿಕೊಳ್ಳುತ್ತಾರೆ. ಅದರ ಬದಲು ಓದಿದ ಕಥೆಯನ್ನು ಗೆಳೆಯರಿಗೆ ಹೇಳಲು ಅವಕಾಶ ಮಾಡಿಕೊಡುವುದು ಲೇಸು. ಈ ವಯಸ್ಸಿನಲ್ಲಿ ಒಂದು ಪುಸ್ತಕ ಹತ್ತು ಕೈಗಳಿಗೆ ದಾಟುವುದು ಶಿಕ್ಷಕರ ಶಿಫಾರಸಿನಿಂದಲ್ಲ, ಗೆಳತಿಯ ಒಂದು ಮಾತಿನಿಂದ. ಇಷ್ಟವಾಗದ ಪುಸ್ತಕವನ್ನು ಮಧ್ಯದಲ್ಲಿಯೇ ಬಿಡುವ, ಇಷ್ಟವಾದುದನ್ನು ಮೂರು ಬಾರಿ ಓದುವ ಸ್ವಾತಂತ್ರ್ಯವೂ ಅವರಿಗೆ ಇರಲಿ.

ಲಭ್ಯವಿರುವ ಸೌಲಭ್ಯಗಳು

ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965ರ ಅನ್ವಯ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆ ನಡೆಯುತ್ತಿದೆ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಂದಿಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ವಸೂಲು ಮಾಡುತ್ತವೆ. ತೆರಿಗೆ ರಸೀದಿಯಲ್ಲಿ ಈ ಸಾಲನ್ನು ಬಹಳ ಜನರು ಗಮನಿಸಿರುವುದಿಲ್ಲ. ಕಪಾಟಿನಲ್ಲಿರುವ ಕಾದಂಬರಿಯ ಬೆಲೆಯನ್ನು ಊರಿನವರು ಈಗಾಗಲೇ ಪಾವತಿಸಿದ್ದಾರೆ. ಅದನ್ನು ಓದದೆ ಬಿಡುವುದು ಕೊಂಡ ಸರಕನ್ನು ಅಂಗಡಿಯಲ್ಲೇ ಬಿಟ್ಟು ಬಂದಂತೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾಗಿದ್ದು, ಇಂದು ‘ಅರಿವು ಕೇಂದ್ರ’ ಎಂಬ ಹೆಸರಿನಿಂದ ಪರಿಚಿತವಾಗಿವೆ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಇಲ್ಲಿ ಉಚಿತ ಸದಸ್ಯತ್ವ ನೀಡಲಾಗಿದೆ. ರಜೆಗೆಂದು ಅಜ್ಜಿಯ ಊರಿಗೆ ಹೋಗುವ ನಗರದ ಮಕ್ಕಳು ಆ ಊರಿನ ಕೇಂದ್ರಕ್ಕೂ ಭೇಟಿ ನೀಡಬಹುದು.

ನಗರದ ಗ್ರಂಥಾಲಯಗಳ ವಾಚನಾಲಯದಲ್ಲಿ ಕುಳಿತು ಓದಲು ಸದಸ್ಯತ್ವ ಬೇಕಾಗಿಲ್ಲ. ಪುಸ್ತಕಗಳನ್ನು ಮನೆಗೆ ಒಯ್ಯಲು ಮಾತ್ರ ಸದಸ್ಯರಾಗಬೇಕು. ಠೇವಣಿ, ಒಮ್ಮೆಗೆ ನೀಡುವ ಪುಸ್ತಕಗಳ ಸಂಖ್ಯೆ, ವಾರದ ರಜೆ ಮುಂತಾದ ವಿವರಗಳನ್ನು ಆಯಾ ಶಾಖೆಯಲ್ಲಿ ವಿಚಾರಿಸಲು ಕೋರಲಾಗಿದೆ. ಬೆಂಗಳೂರಿನವರಿಗೆ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ ಹತ್ತಿರದ ಆಯ್ಕೆ. ಅದೇ ಉದ್ಯಾನದಲ್ಲಿ ಮಕ್ಕಳ ಗ್ರಂಥಾಲಯವೂ ಇದೆ.

ಗ್ರಂಥಾಲಯ ಸಿಬ್ಬಂದಿಗೆ ಒಂದು ಮನವಿ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಡಾ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ, ಓದುಗನಿಗೆ ತಕ್ಕ ಪುಸ್ತಕವನ್ನೂ ಪುಸ್ತಕಕ್ಕೆ ತಕ್ಕ ಓದುಗನನ್ನೂ ಒದಗಿಸುವ ಹೊಣೆಯನ್ನು ಗ್ರಂಥಾಲಯಕ್ಕೆ ವಹಿಸಿದ್ದಾರೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಾಗಿಲಿನ ಸಮೀಪ ಒಂದು ಮೇಜನ್ನು ಹಾಕಿ, ಮೇಲೆ ಹೇಳಿದಂತಹ ಹದಿನೈದು ಇಪ್ಪತ್ತು ಕಾದಂಬರಿಗಳನ್ನು ಮುಖಪುಟ ಕಾಣುವಂತೆ ಜೋಡಿಸಿಟ್ಟರೆ ಸಾಕು. ಇದಕ್ಕೆ ಪ್ರತ್ಯೇಕ ಅನುದಾನದ ಅಗತ್ಯವಿಲ್ಲ.

ಬೇಕಾದ ಪುಸ್ತಕ ಶಾಖೆಯಲ್ಲಿ ಇಲ್ಲದಿದ್ದಲ್ಲಿ ಓದುಗರು ಅದರ ಹೆಸರು, ಲೇಖಕರು ಮತ್ತು ಪ್ರಕಾಶಕರ ವಿವರವನ್ನು ಬರೆದು ಗ್ರಂಥಪಾಲಕರಿಗೆ ನೀಡಬಹುದು. ಹೀಗೆ ಕೋರಿಕೆ ಸಲ್ಲಿಸಲು ಹದಿಹರೆಯದ ಓದುಗರು ಪಾಲಕರನ್ನು ಜೊತೆಯಲ್ಲಿ ಕರೆತರಬೇಕಾಗಿಲ್ಲ.